ವಿಜ್ಞಾನದ ಪೇಪರ್‌ನ ನೀವೇ ಓದಿ ತೂಗಿ ನೋಡೋದು ಹೇಗೆ

ಹೊಸ ಔಷಧಿ ಬಗ್ಗೆನೋ, ದೂರದ ನಕ್ಷತ್ರದ ಬಗ್ಗೆನೋ, ಇಲ್ಲಾ ಮಣ್ಣಲ್ಲಿ ಸಿಕ್ಕ ಹಳೇ ಮೂಳೆ ಬಗ್ಗೆನೋ ಸುದ್ದಿ ಬಂದಾಗ ನಾವೆಲ್ಲ ಓದೋದು ಸುದ್ದಿನ ಮಾತ್ರ. ಅದರ ಹಿಂದೆ ಸಂಶೋಧಕರು ಜರ್ನಲ್‌ನಲ್ಲಿ (ಸಂಶೋಧನಾ ಪತ್ರಿಕೆಯಲ್ಲಿ) ಬರೆದಿರೋ ಮೂಲ ಪೇಪರ್ ಒಂದಿರತ್ತೆ ಅನ್ನೋದು ಗೊತ್ತಿದ್ರೂ, ಅದು ಪಂಡಿತರ ವ್ಯವಹಾರ, ನಮಗ್ಯಾಕೆ ಅಂತ ಬಿಟ್ಬಿಡ್ತೀವಿ. ಅದರಲ್ಲಿರೋ ಗಣಿತ ಪೂರ್ತಿ ಅರ್ಥ ಆಗದೇ ಇದ್ರೂ ಆ ಪೇಪರ್ ಎಷ್ಟು ಗಟ್ಟಿ ಅಂತ ಅಂದಾಜು ಮಾಡೋದು ಸಾಧ್ಯ. ಯಾಕಂದ್ರೆ ಭೌತವಿಜ್ಞಾನ ಆಗ್ಲಿ, ವೈದ್ಯಕೀಯ ಆಗ್ಲಿ, ಪುರಾತತ್ವ ಆಗ್ಲಿ, ಕೇಳಬೇಕಾದ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: ಇವರು ನಿಜವಾಗಿ ಅಳೆದಿದ್ದು ಏನು, ಯಾವುದರಲ್ಲಿ ಅಳೆದ್ರು, ಅಲ್ಲಿಂದ ಈ ತೀರ್ಮಾನಕ್ಕೆ ಹೇಗೆ ಬಂದ್ರು. ಈ ಪ್ರಶ್ನೆ ಕೈಲಿ ಹಿಡ್ಕೊಂಡು ಒಂದೊಂದೇ ಹೆಜ್ಜೆ ಹೋಗೋಣ.

ಮೊದಲು ಮೂಲ ಪೇಪರ್ ಹುಡುಕಿ

ಸುದ್ದಿಯಲ್ಲಿ ಜರ್ನಲ್ ಹೆಸರಾದ್ರೂ ಸಂಶೋಧಕರ ಹೆಸರಾದ್ರೂ ಇದೆಯಾ ನೋಡಿ. ಎರಡೂ ಇಲ್ಲ, ಬರೀ "ವಿಜ್ಞಾನಿಗಳು ಹೇಳಿದ್ದಾರೆ" ಅಂತಷ್ಟೇ ಇದ್ರೆ ಆ ಸುದ್ದಿನ ಅಲ್ಲಿಗೇ ಬಿಡೋದು ಒಳ್ಳೇದು. ಹೆಸರು ಸಿಕ್ರೆ ಗೂಗಲ್ ಸ್ಕಾಲರ್‌ನಲ್ಲಿ ವಿಷಯದ ಜೊತೆ ಸೇರಿಸಿ ಹುಡುಕಿ, ವೈದ್ಯಕೀಯದ್ದಾದ್ರೆ ಪಬ್‌ಮೆಡ್‌ನಲ್ಲಿ ಹುಡುಕಿ. ಸುದ್ದಿಯ ಕೊನೇಲಿ ಕೆಲವೊಮ್ಮೆ ಡಿಓಐ ಅಂತ ಒಂದು ನಂಬರ್ ಇರತ್ತೆ, 10 ಅನ್ನೋ ಅಂಕಿಯಿಂದ ಶುರುವಾಗೋದು, ಅದು ಪೇಪರ್‌ನ ಖಾಯಂ ವಿಳಾಸ. ಅದನ್ನ ಡಿಓಐ ಡಾಟ್ ಆರ್ಗ್‌ನಲ್ಲಿ ಹಾಕಿದ್ರೆ ಸೀದಾ ಪೇಪರ್ ಹತ್ರನೇ ಕರ್ಕೊಂಡ್ ಹೋಗತ್ತೆ.

ಅಲ್ಲಿ ಹೋದಮೇಲೆ ದುಡ್ಡು ಕೇಳತ್ತೆ, ಅಲ್ಲೇ ತುಂಬಾ ಜನ ವಾಪಸ್ ಬರ್ತಾರೆ. ಬರಬೇಡಿ. ಗೂಗಲ್ ಸ್ಕಾಲರ್‌ನಲ್ಲಿ ಅದೇ ಪೇಪರ್‌ನ ಬೇರೆ ಪ್ರತಿಗಳ ಲಿಂಕ್ ಕೆಳಗಡೆನೇ ಇರತ್ತೆ, ಒತ್ತಿ ನೋಡಿ. ವೈದ್ಯಕೀಯ ಮತ್ತು ಜೀವವಿಜ್ಞಾನದ ಲಕ್ಷಾಂತರ ಪೇಪರ್‌ಗಳು ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಪೂರ್ತಿ ಫ್ರೀ ಇವೆ, ಭೌತವಿಜ್ಞಾನ, ಖಗೋಳ, ಗಣಿತದ್ದು 1991ರಿಂದ ನಡೀತಿರೋ ಆರ್ಕೈವ್ ಅನ್ನೋ ಭಂಡಾರದಲ್ಲಿ ಸಿಗತ್ವೆ. ಅನ್‌ಪೇವಾಲ್ ಅಂತ ಬ್ರೌಸರ್‌ಗೆ ಹಾಕೋ ಎಕ್ಸ್‌ಟೆನ್ಶನ್ ಇದೆ, ಕಾನೂನುಬದ್ಧ ಫ್ರೀ ಪ್ರತಿ ಎಲ್ಲಿದ್ರೂ ಅದೇ ತೋರಿಸತ್ತೆ. ಯಾವುದೂ ಆಗ್ಲಿಲ್ಲ ಅಂದ್ರೆ ಪೇಪರ್ ಮೇಲೆ ಕರೆಸ್ಪಾಂಡಿಂಗ್ ಆಥರ್ ಅಂತ ಒಬ್ರ ಇಮೇಲ್ ಕೊಟ್ಟಿರ್ತಾರೆ, ಅವರಿಗೆ ಎರಡು ಸಾಲು ಬರೆದು ಕೇಳಿ. ತಮ್ಮ ಕೆಲಸವನ್ನ ಯಾರೋ ಓದೋಕೆ ಬಯಸ್ತಿದ್ದಾರೆ ಅಂದ್ರೆ ಸಂಶೋಧಕರಿಗೂ ಖುಷಿನೇ.

ಇದು ಯಾವ ಥರದ ಪೇಪರ್, ಇನ್ನೂ ಚಲಾವಣೆಲಿದೆಯಾ

ಕೈಗೆ ಸಿಕ್ಕ ತಕ್ಷಣ ಓದೋಕೆ ಕೂರಬೇಡಿ. ಮೊದಲ ಪುಟದಲ್ಲಿ ಇದು ಹೊಸ ಪ್ರಯೋಗದ ವರದಿನಾ, ಹಳೇ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿದ ರಿವ್ಯೂನಾ, ಸಂಪಾದಕರಿಗೆ ಬರೆದ ಪತ್ರನಾ, ಬರೀ ಅಭಿಪ್ರಾಯನಾ ಅಂತ ನೋಡ್ಕೊಳ್ಳಿ. ಪ್ರಿಪ್ರಿಂಟ್ ಅಂತಿದ್ರೆ ಇನ್ನೂ ಪೀರ್ ರಿವ್ಯೂ ಆಗಿಲ್ಲ, ಅಂದ್ರೆ ಅದೇ ಕ್ಷೇತ್ರದ ಬೇರೆ ತಜ್ಞರು ಓದಿ ಜರ್ನಲ್ ಪರವಾಗಿ ಪ್ರಶ್ನೆ ಕೇಳಿಲ್ಲ ಅಂತ ಅರ್ಥ. ಹಾಗಂತ ಪ್ರಿಪ್ರಿಂಟ್ ಎಲ್ಲಾ ಕಸ ಅಲ್ಲ, ಪೀರ್ ರಿವ್ಯೂ ಆದದ್ದೆಲ್ಲ ಬಂಗಾರನೂ ಅಲ್ಲ. 2013ರಲ್ಲಿ ಜಾನ್ ಬೊಹಾನನ್ ಅನ್ನೋ ಪತ್ರಕರ್ತ ಬೇಕಂತಲೇ ತಪ್ಪುಗಳನ್ನ ತುಂಬಿದ ಸುಳ್ಳು ಪೇಪರ್ ಒಂದನ್ನ 304 ಜರ್ನಲ್‌ಗಳಿಗೆ ಕಳಿಸಿದ್ರು, 157 ಜರ್ನಲ್‌ಗಳು ಒಪ್ಕೊಂಡವು. ಇವೆಲ್ಲ ಲೇಖಕರ ಹತ್ರ ದುಡ್ಡು ತಗೊಂಡು ಓದುಗರಿಗೆ ಫ್ರೀ ಕೊಡೋ ಥರದ ಜರ್ನಲ್‌ಗಳು. ಆ ಪದ್ಧತಿಲೇ ನಡೆಯೋ ತುಂಬಾ ಒಳ್ಳೇ ಜರ್ನಲ್‌ಗಳೂ ಇವೆ, ಆದ್ರಿಂದ ಹೊಸ ಹೆಸರು ಕಂಡಾಗ ಓದುಗರಿಗೆ ಫ್ರೀ ಇರೋ ಜರ್ನಲ್‌ಗಳ ಡಿಒಎಜೆ ಅನ್ನೋ ಪಟ್ಟಿಯಲ್ಲಿ ಇದೆಯಾ, ಅದರ ಸಂಪಾದಕ ಮಂಡಳಿಯಲ್ಲಿರೋರು ನಿಜವಾಗ್ಲೂ ಆ ವಿಷಯದೋರಾ ಅಂತ ಐದು ನಿಮಿಷ ಹುಡುಕಿದ್ರೆ ಸಾಕು.

ಇದಕ್ಕಿಂತ ಮುಖ್ಯವಾದದ್ದು, ಪೇಪರ್ ವಾಪಸ್ ಪಡೆದಿದ್ದಾರಾ ಅಂತ ನೋಡೋದು. ದಡಾರ, ಮಂಗನಬಾವು, ರುಬೆಲ್ಲಾ ತಡೆಯೋ ಎಂಎಂಆರ್ ಲಸಿಕೆಗೂ ಆಟಿಸಂಗೂ ಸಂಬಂಧ ಇರಬಹುದು ಅಂತ ಸೂಚಿಸಿದ ವೇಕ್‌ಫೀಲ್ಡ್ ಪೇಪರ್ 1998ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಜರ್ನಲ್‌ನಲ್ಲಿ ಬಂತು, ಅದರಲ್ಲಿದ್ದದ್ದು 12 ಮಕ್ಕಳು. ಲ್ಯಾನ್ಸೆಟ್ ಅದನ್ನ ಪೂರ್ತಿಯಾಗಿ ಹಿಂತೆಗೆದುಕೊಂಡಿದ್ದು 2010ರಲ್ಲಿ, ಅಷ್ಟರಲ್ಲಿ ಆದ ಹಾನಿ ಇವತ್ತಿಗೂ ಪೂರ್ತಿ ಸರಿಹೋಗಿಲ್ಲ. 2020ರಲ್ಲಿ ಕೋವಿಡ್‌ಗೆ ಕೊಡ್ತಿದ್ದ ಹೈಡ್ರಾಕ್ಸಿಕ್ಲೋರೋಕ್ವಿನ್ ಔಷಧಿ ಬಗ್ಗೆ ಅದೇ ಜರ್ನಲ್‌ನಲ್ಲಿ ಬಂದ, ಸುಮಾರು 96,000 ರೋಗಿಗಳ ಡೇಟಾ ಇದೆ ಅಂತ ಹೇಳ್ಕೊಂಡ ಪೇಪರ್‌ನ ಎರಡು ವಾರದಲ್ಲೇ ವಾಪಸ್ ತಗೊಂಡ್ರು, ಯಾಕಂದ್ರೆ ಆ ಮೂಲ ಡೇಟಾನ ಸ್ವತಂತ್ರವಾಗಿ ಪರಿಶೀಲಿಸೋಕೆ ಯಾರಿಗೂ ಆಗ್ಲಿಲ್ಲ. ಪಬ್‌ಮೆಡ್‌ನಲ್ಲಿ ಇಂಥ ಪೇಪರ್ ತೆರೆದ್ರೆ ಮೇಲೇ ಸೂಚನೆ ಕಾಣತ್ತೆ, ಬೇರೆ ಕ್ಷೇತ್ರದ್ದಾದ್ರೆ ರಿಟ್ರಾಕ್ಷನ್ ವಾಚ್ ಡೇಟಾಬೇಸ್‌ನಲ್ಲಿ ಡಿಓಐ ಹಾಕಿ ನೋಡಿ. ನಿಮ್ಮ ಹತ್ರ ಇರೋ ಹಳೇ ಪಿಡಿಎಫ್‌ನಲ್ಲಿ ಈ ಸೂಚನೆ ಇರಲ್ಲ, ಹಾಗಾಗಿ ಇದನ್ನ ಆನ್‌ಲೈನ್‌ನಲ್ಲೇ ನೋಡಬೇಕು.

ಓದೋ ಕ್ರಮ ಬದಲಾಯಿಸಿ

ಪೇಪರ್‌ಗಳು ಸಾಮಾನ್ಯವಾಗಿ ಒಂದೇ ಅಚ್ಚಲ್ಲಿರ್ತವೆ: ಅಬ್‌ಸ್ಟ್ರಾಕ್ಟ್ ಅಂದ್ರೆ ಸಾರಾಂಶ, ಆಮೇಲೆ ಪೀಠಿಕೆ, ಮೆಥಡ್ಸ್, ರಿಸಲ್ಟ್ಸ್, ಕೊನೇಲಿ ಡಿಸ್ಕಷನ್. ಮೇಲಿಂದ ಕೆಳಕ್ಕೆ ಓದ್ತಾ ಹೋದ್ರೆ ಲೇಖಕರ ವಾದಕ್ಕೆ ನಿಮಗೆ ಗೊತ್ತಿಲ್ಲದೇನೇ ತಲೆಯಾಡಿಸ್ತಾ ಹೋಗ್ತೀರ. ನಾನು ಹೇಳೋ ಕ್ರಮ ಬೇರೆ. ಅಬ್‌ಸ್ಟ್ರಾಕ್ಟ್ ಒಂದು ಸಲ ಓದಿ, ಆಮೇಲೆ ಸೀದಾ ಚಿತ್ರಗಳಿಗೂ ಟೇಬಲ್‌ಗಳಿಗೂ ಹೋಗಿ, ಪ್ರತಿಯೊಂದು ಗ್ರಾಫ್‌ನಲ್ಲೂ ಅಡ್ಡಗೆರೆ ಏನು, ನಿಂತಗೆರೆ ಏನು, ಅದು ಸೊನ್ನೆಯಿಂದ ಶುರುವಾಗತ್ತಾ ಇಲ್ವಾ ಅಂತ ನೋಡಿ. ಗ್ರಾಫ್ ನೋಡಿ ನಿಮಗೇನು ಅನ್ನಿಸ್ತು ಅಂತ ಒಂದು ಸಾಲು ಬರೆದಿಟ್ಕೊಳ್ಳಿ. ಆಮೇಲೆ ಮೆಥಡ್ಸ್ ಓದಿ, ನಿಧಾನಕ್ಕೆ, ಬೇಕಾದ್ರೆ ಎರಡು ಸಲ. ರಿಸಲ್ಟ್ಸ್ ಅದಾದ್ಮೇಲೆ. ಡಿಸ್ಕಷನ್ ಕೊನೆಗೆ ಓದಿ, ನೀವು ಬರೆದಿಟ್ಟ ಸಾಲಿಗೂ ಅವರು ಹೇಳೋದಕ್ಕೂ ಎಷ್ಟು ಅಂತರ ಇದೆ ಅಂತ ಹೋಲಿಸಿ. ಗೊತ್ತಿಲ್ಲದ ಪದ ಬಂದ್ರೆ ಅಲ್ಲೇ ನಿಲ್ಲಬೇಡಿ, ಗುರುತು ಹಾಕ್ಕೊಂಡು ಮುಂದೆ ಹೋಗಿ, ಮೂರು ಸಲಕ್ಕಿಂತ ಹೆಚ್ಚು ಬಂದ ಪದ ಮಾತ್ರ ಹುಡುಕಿ ನೋಡಿದ್ರೆ ಸಾಕು.

ಸಪ್ಲಿಮೆಂಟರಿ ಅಂತ ಬೇರೆ ಫೈಲ್ ಇರತ್ತೆ, ಅದನ್ನ ಮರೀಬೇಡಿ. ಎಷ್ಟು ಸ್ಯಾಂಪಲ್ ಬಿಟ್ರು, ಯಾಕೆ ಬಿಟ್ರು ಅನ್ನೋ ವಿವರ ಎಷ್ಟೋ ಸಲ ಅಲ್ಲೇ ಕೂತಿರತ್ತೆ.

ವೈದ್ಯಕೀಯ ಪೇಪರ್ ಆದ್ರೆ

ಮೊದಲ ಪ್ರಶ್ನೆ, ಯಾವುದರಲ್ಲಿ ಅಳೆದ್ರು? ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶದಲ್ಲಾ, ಇಲಿಯಲ್ಲಾ, ಮನುಷ್ಯರಲ್ಲಾ? "ಕ್ಯಾನ್ಸರ್‌ಗೆ ಮದ್ದು ಸಿಕ್ತು" ಅನ್ನೋ ಸುದ್ದಿಗಳಲ್ಲಿ ಬಹಳಷ್ಟು ಮೊದಲೆರಡರಲ್ಲೇ ನಿಂತಿರ್ತವೆ. ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಸಾಯಿಸೋಕೆ ಬ್ಲೀಚ್ ಕೂಡ ಸಾಕು, ಕಷ್ಟ ಇರೋದು ಮನುಷ್ಯನ್ನ ಉಳಿಸ್ಕೊಂಡು ಕ್ಯಾನ್ಸರ್ ಮಾತ್ರ ಸಾಯಿಸೋದ್ರಲ್ಲಿ.

ಮನುಷ್ಯರಲ್ಲೇ ಮಾಡಿದ್ರೆ, ಯಾರಿಗೆ ಔಷಧಿ ಯಾರಿಗಿಲ್ಲ ಅಂತ ಹೇಗೆ ಆರಿಸಿದ್ರು? ಬರೀ ಗಮನಿಸಿ ಬರೆದ ಅಧ್ಯಯನ ಆದ್ರೆ ಔಷಧಿ ತಗೊಂಡೋರು ಮೊದಲೇ ಆರೋಗ್ಯವಂತರೋ ಅನುಕೂಲಸ್ಥರೋ ಆಗಿರಬಹುದು, ವ್ಯತ್ಯಾಸ ಔಷಧಿಯಿಂದ ಬಂತೋ ಅದರಿಂದ ಬಂತೋ ಗೊತ್ತಾಗಲ್ಲ. ಅದಕ್ಕೇ ರ‍್ಯಾಂಡಮೈಸ್ ಮಾಡೋದು. ಅಂದ್ರೆ ಯಾರು ಯಾವ ಗುಂಪಿಗೆ ಅನ್ನೋದನ್ನ ಚೀಟಿ ಎತ್ತಿದ ಹಾಗೆ ಆಕಸ್ಮಿಕಕ್ಕೆ ಬಿಡೋದು. ಇದಕ್ಕೆ ಒಳ್ಳೇ ಮಾದರಿ ಬೇಕಂದ್ರೆ 1948ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಸ್ಟ್ರೆಪ್ಟೊಮೈಸಿನ್ ಪೇಪರ್ ಓದಿ. ಕ್ಷಯ ರೋಗದ 107 ಜನ, ಯಾರು ಯಾವ ಗುಂಪಿಗೆ ಅಂತ ಮುಚ್ಚಿದ ಲಕೋಟೆಯಲ್ಲಿ, ಎಕ್ಸ್‌ರೇ ನೋಡೋರಿಗೆ ಇದು ಯಾವ ಗುಂಪಿನ ರೋಗಿದು ಅಂತ ಗೊತ್ತಿಲ್ಲ. ಆರು ತಿಂಗಳಲ್ಲಿ ಔಷಧಿ ಪಡೆದ 55 ಜನರಲ್ಲಿ 4 ಜನ, ಬರೀ ವಿಶ್ರಾಂತಿಯಲ್ಲಿದ್ದ 52 ಜನರಲ್ಲಿ 14 ಜನ ತೀರಿಕೊಂಡ್ರು. ಭಾಷೆ ಎಷ್ಟು ಸರಳ ಇದೆ ಅಂದ್ರೆ ವೈದ್ಯರಲ್ಲದೋರಿಗೂ ಹೆಚ್ಚಿನ ಭಾಗ ಅರ್ಥ ಆಗತ್ತೆ, ಮತ್ತೆ ಔಷಧಿಗೆ ರೋಗಾಣು ಜಗ್ಗದ ಹಾಗೆ ಆಗ್ತಿದೆ ಅನ್ನೋ ಕಹಿ ವಿಷಯನೂ ಅವರು ಮುಚ್ಚಿಟ್ಟಿಲ್ಲ. ಮೊದಲ ಸಲ ಪೇಪರ್ ಓದೋರಿಗೆ ನಾನು ಯಾವಾಗ್ಲೂ ಹೇಳೋದು ಇದನ್ನೇ.

ಇನ್ನೊಂದು, ಅಳೆದಿದ್ದು ರೋಗಿಗೆ ನಿಜವಾಗಿ ಬೇಕಾಗಿರೋದನ್ನಾ, ಇಲ್ಲಾ ಅದರ ಬದಲಿಗೆ ಸುಲಭವಾಗಿ ಸಿಗೋ ಒಂದು ಗುರುತನ್ನಾ? ಇದರ ಬೆಲೆ ಗೊತ್ತಾಗಿದ್ದು 1989ರಲ್ಲಿ, ಕಾಸ್ಟ್ ಅನ್ನೋ ಟ್ರಯಲ್‌ನಲ್ಲಿ, ಅಂದ್ರೆ ರೋಗಿಗಳಲ್ಲಿ ಮಾಡಿದ ಔಷಧಿ ಪರೀಕ್ಷೆಯಲ್ಲಿ. ಹಾರ್ಟ್ ಅಟ್ಯಾಕ್ ಆದೋರಲ್ಲಿ ಹೃದಯ ಬಡಿತ ಆಗಾಗ ತಪ್ಪತ್ತೆ, ಹಾಗೆ ತಪ್ಪೋರು ಹೆಚ್ಚಾಗಿ ಸಾಯ್ತಾರೆ ಅಂತ ಗೊತ್ತಿತ್ತು. ಬಡಿತ ಸರಿಮಾಡೋ ಮಾತ್ರೆ ಇತ್ತು, ಇಸಿಜಿಯಲ್ಲಿ ಚೆನ್ನಾಗಿ ಕೆಲಸ ಮಾಡ್ತಿತ್ತು, ವೈದ್ಯರು ಅದೇ ನಂಬಿಕೆಯಲ್ಲಿ ಕೊಡ್ತಾನೂ ಇದ್ರು. ಸಾವನ್ನೇ ಎಣಿಸಿ ನೋಡಿದಾಗ ಎನ್‌ಕೈನೈಡ್ ಅಥವಾ ಫ್ಲೆಕೈನೈಡ್ ತಗೊಂಡ 730 ಜನರಲ್ಲಿ 56 ಜನ ಸತ್ತಿದ್ರು, ಔಷಧಿ ಇಲ್ಲದ ಸುಳ್ಳು ಮಾತ್ರೆ (ಪ್ಲಸೀಬೊ) ತಗೊಂಡ 725ರಲ್ಲಿ 22. ಇಸಿಜಿ ಸುಧಾರಿಸಿತ್ತು, ಜನ ಸಾಯ್ತಿದ್ರು. ಹಾಗಾಗಿ ಯಾವುದೇ ಪೇಪರ್‌ನಲ್ಲಿ "ಇಂಥ ಪ್ರೋಟೀನ್ ಕಮ್ಮಿ ಆಯ್ತು", "ಸ್ಕ್ಯಾನ್‌ನಲ್ಲಿ ಸುಧಾರಣೆ ಕಾಣ್ತು" ಅಂತಿದ್ರೆ, ರೋಗಿ ಹೆಚ್ಚು ದಿನ ಬದುಕಿದ್ರಾ, ನೋವು ಕಮ್ಮಿ ಆಯ್ತಾ ಅಂತ ಬೇರೆಯಾಗಿ ಹುಡುಕಿ.

ಕೊನೆಗೆ ಟ್ರಯಲ್‌ನ ನೋಂದಣಿ ನಂಬರ್ ತಗೊಂಡು ಕ್ಲಿನಿಕಲ್ ಟ್ರಯಲ್ಸ್ ಡಾಟ್ ಗವ್‌ನಂಥ ನೋಂದಣಿ ತಾಣದಲ್ಲಿ ಹಾಕಿ. ಶುರು ಮಾಡೋಕೆ ಮುಂಚೆ ಏನನ್ನ ಅಳೀತೀವಿ ಅಂತ ಹೇಳಿದ್ರು, ಪೇಪರ್‌ನಲ್ಲಿ ಏನನ್ನ ಮುಂದೆ ಮಾಡಿದ್ದಾರೆ, ಎರಡೂ ಒಂದೇನಾ ನೋಡಿ. ದೊಡ್ಡ ಮೆಡಿಕಲ್ ಜರ್ನಲ್‌ಗಳು 2005ರಿಂದ ಮೊದಲೇ ನೋಂದಣಿ ಆಗಿರಲೇಬೇಕು ಅಂತಿರೋದು ಇದಕ್ಕೇನೇ. ದುಡ್ಡು ಯಾರು ಕೊಟ್ರು ಅನ್ನೋ ಸಾಲೂ ಪೇಪರ್‌ನ ಕೊನೇಲಿರತ್ತೆ, ಕಂಪನಿ ಕೊಟ್ಟಿದ್ರೆ ಸುಳ್ಳು ಅಂತಲ್ಲ, ಆದ್ರೆ ಹೋಲಿಕೆಗೆ ಯಾವ ಔಷಧಿ ಯಾವ ಡೋಸ್‌ನಲ್ಲಿ ತಗೊಂಡ್ರು ಅಂತ ಇನ್ನೊಂದು ಸಲ ನೋಡೋಕೆ ಅದು ಕಾರಣ.

ಪುರಾತತ್ವದ ಪೇಪರ್ ಆದ್ರೆ

ಇಲ್ಲಿ ಜಗಳ ಎಲ್ಲಾ ಕಾಲದ ಮೇಲೆ. "20,000 ವರ್ಷ ಹಳೇದು" ಅಂತ ಓದಿದ ತಕ್ಷಣ ಕೇಳಬೇಕಾದ್ದು, ಆ 20,000 ವರ್ಷ ಯಾವ ವಸ್ತುದು? ಕಲ್ಲಿನ ಆಯುಧಕ್ಕೆ ರೇಡಿಯೋಕಾರ್ಬನ್ (ಒಂದು ಕಾಲದಲ್ಲಿ ಜೀವ ಇದ್ದ ವಸ್ತುವಲ್ಲಿ ಉಳಿದಿರೋ ಕಾರ್ಬನ್ 14 ಅಳೆದು ವಯಸ್ಸು ಹೇಳೋ ವಿಧಾನ) ಮಾಡೋಕಾಗಲ್ಲ, ಅದರ ಪಕ್ಕದಲ್ಲಿ ಸಿಕ್ಕ ಇದ್ದಿಲಿಗೋ ಬೀಜಕ್ಕೋ ಮೂಳೆಗೋ ಮಾಡ್ತಾರೆ. ಹಾಗಾಗಿ ಆ ಎರಡೂ ಒಂದೇ ಕಾಲಕ್ಕೆ ಅಲ್ಲಿ ಬಿದ್ದಿದ್ದು ಅನ್ನೋದಕ್ಕೆ ಪುರಾವೆ ಬೇಕು. ಬಿಲ ತೋಡೋ ಪ್ರಾಣಿ, ಮರದ ಬೇರು, ನೀರಿನ ಹರಿವು, ಇವೆಲ್ಲ ಮೇಲಿಂದನ್ನ ಕೆಳಗೆ ಕೆಳಗಿಂದನ್ನ ಮೇಲೆ ಮಾಡ್ತವೆ. ಪೇಪರ್‌ನಲ್ಲಿ ಮಣ್ಣಿನ ಪದರಗಳ ಚಿತ್ರ ಇರಲೇಬೇಕು, ಪ್ರತಿ ಸ್ಯಾಂಪಲ್ ಯಾವ ಪದರದ್ದು ಅಂತ ಗುರುತು ಇರಬೇಕು, ಪ್ರತಿ ಡೇಟ್‌ಗೂ ಲ್ಯಾಬ್ ನಂಬರ್ ಇರಬೇಕು. ಇವು ಇಲ್ಲದ ಪೇಪರ್‌ನ ನಾನಂತೂ ಗಂಭೀರವಾಗಿ ತಗೊಳ್ಳಲ್ಲ.

ಇದ್ದಿಲಲ್ಲೂ ಒಂದು ತೊಡಕಿದೆ. ಮರದ ಒಳಗಿನ ಉಂಗುರಗಳು ಬೆಳೆದ ವರ್ಷಕ್ಕೇ ಗಾಳಿಯ ಕಾರ್ಬನ್ ತಗೊಳ್ಳೋದು ನಿಲ್ಲಿಸ್ತವೆ, ಅಂದ್ರೆ 400 ವರ್ಷದ ಮರದ ತಿರುಳನ್ನ ಯಾರೋ ಸುಟ್ಟಿದ್ರೆ ಇದ್ದಿಲು ಬೆಂಕಿಗಿಂತ 400 ವರ್ಷ ಹಳೇದಾಗಿ ಕಾಣತ್ತೆ. ಒಂದೇ ವರ್ಷ ಬದುಕೋ ಗಿಡದ ಕಾಳು, ಬೀಜ ಅದಕ್ಕಿಂತ ನಂಬಿಕಸ್ತ. ಸಮುದ್ರದ ಚಿಪ್ಪು ಸರಾಸರಿ 400 ವರ್ಷದಷ್ಟು ಹಳೇದಾಗಿ ತೋರಿಸತ್ತೆ, ಅದಕ್ಕೆ ತಿದ್ದುಪಡಿ ಮಾಡಿದ್ದಾರಾ ನೋಡಿ. ಬಿಪಿ (ಬಿಫೋರ್ ಪ್ರೆಸೆಂಟ್) ಅಂತ ಬರೆದಿದ್ರೆ ಅದು 1950ರಿಂದ ಹಿಂದಕ್ಕೆ ಎಣಿಸಿದ್ದು, ಇವತ್ತಿಂದ ಅಲ್ಲ. ಅದರ ಹಿಂದೆ ಕ್ಯಾಲ್, ಅಂದ್ರೆ ಕ್ಯಾಲೆಂಡರ್ ವರ್ಷಕ್ಕೆ ತಿದ್ದಿದ್ದು, ಅಂತ ಇದೆಯಾ ಇಲ್ವಾ ಅನ್ನೋದು ದೊಡ್ಡ ವಿಷಯ, ಯಾಕಂದ್ರೆ ಗಾಳಿಯಲ್ಲಿ ಕಾರ್ಬನ್ 14ರ ಪ್ರಮಾಣ ಯಾವಾಗ್ಲೂ ಒಂದೇ ಥರ ಇರ್ಲಿಲ್ಲ, ಹಾಗಾಗಿ ತಿದ್ದದ 10,000 ರೇಡಿಯೋಕಾರ್ಬನ್ ವರ್ಷ ಅಂದ್ರೆ ನಿಜವಾದ ಕ್ಯಾಲೆಂಡರ್‌ನಲ್ಲಿ ಸುಮಾರು 11,500 ವರ್ಷ. ಈ ವಿಧಾನ ಸುಮಾರು 50,000 ವರ್ಷದ ತನಕ ಮಾತ್ರ ನಡೆಯತ್ತೆ, ಅದಕ್ಕಿಂತ ಹಳೇದಕ್ಕೆ ರೇಡಿಯೋಕಾರ್ಬನ್ ಹೆಸರು ಹೇಳೋ ಸುದ್ದಿ ಕಂಡ್ರೆ ಅಲ್ಲೇ ಅನುಮಾನ ಪಡಿ.

ಇದೆಲ್ಲ ಒಟ್ಟಿಗೆ ನಡೆದಿದ್ದು ಅಮೆರಿಕದ ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್ ಹೆಜ್ಜೆಗುರುತುಗಳ ವಿಷಯದಲ್ಲಿ. 2021ರಲ್ಲಿ ಸೈನ್ಸ್ ಜರ್ನಲ್‌ನಲ್ಲಿ ಅವು 21,000ದಿಂದ 23,000 ವರ್ಷ ಹಳೇವು ಅಂತ ಬಂತು, ಅಮೆರಿಕ ಖಂಡಕ್ಕೆ ಮನುಷ್ಯರು ಅಷ್ಟು ಮುಂಚೆ ಬಂದಿರ್ಲಿಲ್ಲ ಅಂತ ಅಂದ್ಕೊಂಡಿದ್ದೋರಿಗೆ ಇದು ದೊಡ್ಡ ಹೊಡೆತ. ಆದ್ರೆ ಡೇಟ್ ಮಾಡಿದ್ದು ರುಪ್ಪಿಯಾ ಅನ್ನೋ ನೀರೊಳಗಿನ ಗಿಡದ ಬೀಜಕ್ಕೆ, ಅಂಥ ಗಿಡ ನೀರಲ್ಲಿ ಕರಗಿರೋ ಹಳೇ ಕಾರ್ಬನ್ನೇ ಹೀರ್ಕೊಂಡಿರಬಹುದಲ್ಲ ಅಂತ ಬೇರೆ ತಜ್ಞರು ಕೇಳಿದ್ರು. ನ್ಯಾಯವಾದ ಪ್ರಶ್ನೆ. 2023ರಲ್ಲಿ ಅದೇ ತಂಡ ನೆಲದ ಮೇಲೆ ಬೆಳೆಯೋ ಮರಗಳ ಪರಾಗವನ್ನ ಅದೇ ಪದರದಿಂದ ತೆಗೆದು ಡೇಟ್ ಮಾಡ್ತು, ಜೊತೆಗೆ ಮರಳಿನ ಕಣ ಕೊನೇ ಸಲ ಬೆಳಕು ಕಂಡಿದ್ದು ಯಾವಾಗ ಅಂತ ಅಳೆಯೋ ಓಎಸ್ಎಲ್ ವಿಧಾನದಲ್ಲೂ ನೋಡ್ತು. ಎರಡೂ ಹಳೇ ಲೆಕ್ಕಕ್ಕೇ ಹೊಂದಿಕೊಂಡ್ವು. ನಾನು ಇದನ್ನ ಇಷ್ಟು ಹೇಳೋದು ಯಾಕಂದ್ರೆ, ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಮೂರು ವಿಧಾನ ಒಂದೇ ಉತ್ತರ ಕೊಟ್ರೆ ಆ ಪುರಾವೆಗೆ ಇರೋ ಬಲನೇ ಬೇರೆ, ಪುರಾತತ್ವದ ಪೇಪರ್‌ನಲ್ಲಿ ನೀವು ಹುಡುಕಬೇಕಾದ್ದು ಅದನ್ನ.

ಪ್ರಯೋಗಾಲಯ, ಪರಿಸರ, ಭೌತವಿಜ್ಞಾನ

ಇಲ್ಲಿ ಸ್ಯಾಂಪಲ್ ಎಷ್ಟು ಅನ್ನೋ ಅಂಕಿನ ಕಣ್ಮುಚ್ಚಿ ನಂಬಬೇಡಿ. ಒಂದು ತೊಟ್ಟಿಯಲ್ಲಿ ಬಿಸಿನೀರು, 20 ಮೀನು, ಇನ್ನೊಂದರಲ್ಲಿ ತಣ್ಣೀರು, 20 ಮೀನು, ಪೇಪರ್‌ನಲ್ಲಿ ಒಟ್ಟು 40 ಅಂತಿರತ್ತೆ. ನಿಜವಾಗಿ ಹೋಲಿಸಿದ್ದು ಎರಡು ತೊಟ್ಟಿ ಮಾತ್ರ, ಒಂದು ತೊಟ್ಟಿಗೆ ರೋಗ ಬಂದಿದ್ರೆ ಅದೂ ಬಿಸಿನೀರಿನ ಪರಿಣಾಮ ಅಂತಲೇ ಕಾಣತ್ತೆ. ಪರಿಸರ ವಿಜ್ಞಾನಿ ಸ್ಟುವರ್ಟ್ ಹರ್ಲ್‌ಬರ್ಟ್ 1984ರಲ್ಲೇ ಇದನ್ನ ಸೂಡೋರೆಪ್ಲಿಕೇಶನ್ ಅಂತ ಕರೆದು ಎಚ್ಚರಿಸಿದ್ರು, ಇವತ್ತಿಗೂ ಈ ತಪ್ಪು ಸಿಗತ್ತೆ.

ಅಂಕಿಅಂಶ ಎಷ್ಟೇ ಬಲವಾಗಿದ್ರೂ ಉಪಕರಣ ತಪ್ಪಿದ್ರೆ ಪ್ರಯೋಜನ ಇಲ್ಲ. 2011ರಲ್ಲಿ ಒಪೆರಾ ಅನ್ನೋ ಭೌತವಿಜ್ಞಾನಿಗಳ ತಂಡ, ಯೂರೋಪಿನ ಸರ್ನ್ ಪ್ರಯೋಗಾಲಯದಿಂದ ಇಟಲಿಯ ಗ್ರಾನ್ ಸಾಸೋಗೆ ಸುಮಾರು 730 ಕಿಲೋಮೀಟರ್ ಹೋದ ನ್ಯೂಟ್ರಿನೋ ಅನ್ನೋ ಅತಿಸಣ್ಣ ಕಣಗಳು ಬೆಳಕಿಗಿಂತ 60 ನ್ಯಾನೋಸೆಕೆಂಡ್ ಮುಂಚೆ ತಲುಪಿದ ಹಾಗೆ ಕಾಣ್ತಿದೆ ಅಂತ ಹೇಳ್ತು, ಸುಮಾರು 6 ಸಿಗ್ಮಾ ಖಚಿತತೆಯಲ್ಲಿ, ಅಂದ್ರೆ ಬರೀ ಆಕಸ್ಮಿಕವಾಗಿ ಹಾಗೆ ಕಾಣೋ ಸಾಧ್ಯತೆ ತೀರಾ ಕಮ್ಮಿ. ತಪ್ಪೆಲ್ಲಿದೆ ಹುಡುಕಿ ಅಂತ ಅವರೇ ಎಲ್ಲರನ್ನೂ ಕೇಳ್ಕೊಂಡ್ರು, 2012ರಲ್ಲಿ ಸರಿಯಾಗಿ ಕೂರದ ಆಪ್ಟಿಕಲ್ ಫೈಬರ್ ಕೇಬಲ್ ಒಂದು ಮುಖ್ಯ ಕಾರಣ ಅಂತ ಗೊತ್ತಾಯ್ತು. ಸಿಗ್ಮಾ ಅಳೆಯೋದು ಆಕಸ್ಮಿಕದ ತಪ್ಪನ್ನ, ಸಡಿಲ ಕೇಬಲ್‌ನ ಅಲ್ಲ. ಹಾಗಾಗಿ ಉಪಕರಣವನ್ನ ಗೊತ್ತಿರೋ ವಸ್ತುವಿನ ಮೇಲೆ ಪರೀಕ್ಷಿಸಿದ್ರಾ, ಖಾಲಿ ಸ್ಯಾಂಪಲ್ ಓಡಿಸಿ ನೋಡಿದ್ರಾ ಅಂತ ಮೆಥಡ್ಸ್‌ನಲ್ಲಿ ಹುಡುಕಿ.

ಅಂಕಿಗಳ ಹತ್ರ ಬಂದಾಗ

ಪಟ್ಟು, ಶೇಕಡಾ ಅಂತ ಬಂದಾಗೆಲ್ಲ ಎಷ್ಟರಲ್ಲಿ ಎಷ್ಟು ಅಂತ ತಿರುಗಿಸಿ ಬರ್ಕೊಳ್ಳಿ. 1995ರಲ್ಲಿ ಬ್ರಿಟನ್‌ನಲ್ಲಿ ಕೆಲವು ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟೋ ಅಪಾಯ ಎರಡು ಪಟ್ಟಾಗತ್ತೆ ಅಂತ ಎಚ್ಚರಿಕೆ ಬಂತು. ಅದು 7000 ಹೆಂಗಸರಲ್ಲಿ ಒಬ್ಬರಿಂದ ಇಬ್ಬರಿಗೆ ಏರಿದ್ದು. ಆ ಅಂಕಿ ಯಾರಿಗೂ ಸರಿಯಾಗಿ ತಲುಪಲಿಲ್ಲ, ಗಾಬರಿಯಾಗಿ ಎಷ್ಟೋ ಜನ ಮಾತ್ರೆ ಬಿಟ್ರು, ಬೇಡದ ಗರ್ಭ, ಗರ್ಭಪಾತ ಎರಡೂ ಹೆಚ್ಚಾದ್ವು, ಅದರ ಮೇಲೆ ಗರ್ಭಿಣಿಯಾದ್ರೆ ರಕ್ತ ಹೆಪ್ಪುಗಟ್ಟೋ ಅಪಾಯ ಆ ಮಾತ್ರೆಗಿಂತಲೂ ಜಾಸ್ತಿ.

ಪಿ ವ್ಯಾಲ್ಯೂ 0.05ಕ್ಕಿಂತ ಕಮ್ಮಿ ಅಂದ್ರೆ, ನಿಜದಲ್ಲಿ ಏನೂ ವ್ಯತ್ಯಾಸ ಇಲ್ಲದಿದ್ರೂ ಇಷ್ಟು ದೊಡ್ಡದು ಆಕಸ್ಮಿಕವಾಗಿ ಕಾಣೋ ಸಾಧ್ಯತೆ ನೂರಕ್ಕೆ ಐದಕ್ಕಿಂತ ಕಮ್ಮಿ ಅಂತಷ್ಟೇ. ಸಿದ್ಧಾಂತ ನೂರಕ್ಕೆ 95 ಸರಿ ಅಂತಲ್ಲ. ಒಂದೇ ಡೇಟಾದ ಮೇಲೆ ಒಂದಕ್ಕೊಂದು ಸಂಬಂಧ ಇಲ್ಲದ 20 ಪರೀಕ್ಷೆ ಮಾಡಿದ್ರೆ, ಏನೂ ಇಲ್ಲದಿದ್ರೂ ಒಂದಾದ್ರೂ ಹಾಗೆ ಕಾಣೋ ಸಾಧ್ಯತೆ ನೂರಕ್ಕೆ 64. 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಜೊತೆಗಾರರು ಸತ್ತ ಸಾಲ್ಮನ್ ಮೀನನ್ನ ಎಂಆರ್‌ಐ ಯಂತ್ರದಲ್ಲಿಟ್ಟು, ತುಂಬಾ ಪರೀಕ್ಷೆ ಮಾಡಿದ್ದಕ್ಕೆ ತಿದ್ದುಪಡಿ ಇಲ್ಲದ ಲೆಕ್ಕದಲ್ಲಿ ಅದರ ಮೆದುಳಲ್ಲೂ ಚಟುವಟಿಕೆ ಕಾಣತ್ತೆ ಅಂತ ತೋರಿಸಿದ್ದು ಇದನ್ನೇ. ಆದ್ರಿಂದ ಎಷ್ಟು ಪರೀಕ್ಷೆ ಮಾಡಿದ್ರು, ಅದಕ್ಕೆ ತಿದ್ದುಪಡಿ ಮಾಡಿದ್ರಾ ಅಂತ ನೋಡಿ. ಪಿ ವ್ಯಾಲ್ಯೂಗಿಂತ ಕಾನ್ಫಿಡೆನ್ಸ್ ಇಂಟರ್ವಲ್, ಅಂದ್ರೆ ನಿಜವಾದ ಉತ್ತರ ಎಲ್ಲಿಂದ ಎಲ್ಲಿ ತನಕ ಇರಬಹುದು ಅನ್ನೋ ವ್ಯಾಪ್ತಿ, ಹೆಚ್ಚು ಹೇಳತ್ತೆ, ಅದು ತುಂಬ ಅಗಲ ಇದ್ರೆ ಉತ್ತರ ಇನ್ನೂ ಗಟ್ಟಿಯಾಗಿಲ್ಲ ಅಂತ.

"ಯಾರಿಗೂ ಅಡ್ಡಪರಿಣಾಮ ಆಗ್ಲಿಲ್ಲ" ಅಂತ ಬಂದ್ರೆ ಒಂದು ಸುಲಭ ಲೆಕ್ಕ ಇದೆ: 3ನ್ನ ಜನರ ಸಂಖ್ಯೆಯಿಂದ ಭಾಗಿಸಿ. 300 ಜನರಲ್ಲಿ ಯಾರಿಗೂ ಆಗ್ಲಿಲ್ಲ ಅಂದ್ರೂ ನಿಜವಾದ ಪ್ರಮಾಣ ನೂರಕ್ಕೆ ಒಂದರ ತನಕ ಇರಬಹುದು, 30 ಜನರಲ್ಲಿ ಅಂದ್ರೆ ಹತ್ತಕ್ಕೆ ಒಂದರ ತನಕ.

ಓದಿ ಮುಗಿದ ಮೇಲೆ

ಒಂದೇ ಪೇಪರ್ ಮೇಲೆ ನಿಲ್ಲಬೇಡಿ. ಗೂಗಲ್ ಸ್ಕಾಲರ್‌ನಲ್ಲಿ ಈ ಪೇಪರ್‌ನ ಯಾರ‍್ಯಾರು ಉಲ್ಲೇಖಿಸಿದ್ದಾರೆ ಅಂತ ಒತ್ತಿದ್ರೆ ಆಮೇಲೆ ಬಂದವು ಸಿಗತ್ವೆ, ಅದರಲ್ಲಿ ಬೇರೆ ತಂಡ ಅದೇ ಪ್ರಯೋಗ ಮತ್ತೆ ಮಾಡಿದ್ದು ಇದೆಯಾ ಹುಡುಕಿ. 2015ರಲ್ಲಿ ಮನಃಶಾಸ್ತ್ರದ 100 ಅಧ್ಯಯನಗಳನ್ನ ಮತ್ತೆ ಮಾಡಿ ನೋಡಿದಾಗ, ಮೊದಲು 97ರಷ್ಟು ಅಧ್ಯಯನಗಳಲ್ಲಿ ಗಣನೀಯ ಅಂತ ಬಂದಿದ್ದ ಫಲಿತಾಂಶ, ಎರಡನೇ ಸಲ ನೂರಕ್ಕೆ 36ರಲ್ಲಿ ಮಾತ್ರ ಹಾಗೆ ಬಂತು. ಪಬ್‌ಪಿಯರ್ ಅನ್ನೋ ತಾಣದಲ್ಲಿ ಆ ಪೇಪರ್‌ನ ಚಿತ್ರ, ಡೇಟಾ ಬಗ್ಗೆ ಯಾರಾದ್ರೂ ಪ್ರಶ್ನೆ ಎತ್ತಿದ್ದಾರಾ ಅಂತನೂ ನೋಡಿ. ಚಿಕಿತ್ಸೆಯ ವಿಷಯ ಆದ್ರೆ ಕಾಕ್ರೇನ್ ಅನ್ನೋ ಸಂಸ್ಥೆ ಎಲ್ಲಾ ಅಧ್ಯಯನ ಒಟ್ಟುಮಾಡಿ ಬರೆದ ರಿವ್ಯೂ ಇದೆಯಾ ಹುಡುಕಿ, ಇದ್ರೆ ಅದರ ಸರಳ ಭಾಷೆಯ ಸಾರಾಂಶದಿಂದಲೇ ಶುರು ಮಾಡೋದು ಬುದ್ಧಿವಂತಿಕೆ, ಮತ್ತೆ ಪೇಪರ್ ಓದಿ ಔಷಧಿ ಶುರು ಮಾಡೋದು ನಿಲ್ಲಿಸೋದು ಮಾತ್ರ ನಿಮ್ಮ ವೈದ್ಯರ ಜೊತೆ ಮಾತಾಡದೇ ಬೇಡವೇ ಬೇಡ.

ಎಐ ಚಾಟ್‌ಬಾಟ್ ಹತ್ರ ಸಾರಾಂಶ ಕೇಳೋರು ಈಗ ಜಾಸ್ತಿ. ಕಷ್ಟದ ಪದ ಬಿಡಿಸಿ ಹೇಳೋಕೆ ಅದು ಚೆನ್ನಾಗೇ ಇದೆ, ಆದ್ರೆ ಅದು ಕೊಡೋ ಪೇಪರ್‌ಗಳ ಹೆಸರನ್ನ ಡಿಓಐ ಹಾಕಿ ನೋಡದೇ ನಂಬಬೇಡಿ, ಇಲ್ಲದ ಪೇಪರ್‌ನೂ ಇದೆ ಅಂತ ಧೈರ್ಯವಾಗಿ ಹೇಳತ್ತೆ.

ಓದಿದ್ದನ್ನ ಝೊಟೆರೋದಂಥ ಫ್ರೀ ಸಾಫ್ಟ್‌ವೇರ್‌ನಲ್ಲಿ ಇಟ್ಕೊಳ್ಳಿ, ಪ್ರತಿ ಪೇಪರ್ ಪಕ್ಕ ನಾಲ್ಕು ಸಾಲು ಸಾಕು: ಏನನ್ನ ಅಳೆದ್ರು, ಯಾವುದರಲ್ಲಿ, ಎಷ್ಟರಲ್ಲಿ ಎಷ್ಟು, ಯಾವ ವಿಷಯ ಕಂಡ್ರೆ ನನ್ನ ಅಭಿಪ್ರಾಯ ಬದಲಾಗತ್ತೆ. ನಾಲ್ಕನೇದನ್ನ ಬರೆಯೋಕೆ ಆಗ್ತಿಲ್ಲ ಅಂದ್ರೆ ಮೆಥಡ್ಸ್‌ಗೆ ವಾಪಸ್ ಹೋಗಿ.